ಎಸೆದವನ ಹೆಸರಿಗೇ

ಉದ್ಯಮಬಾಗದ ಆಫೀಸಿನಲ್ಲಿ ಕೂತು, ಎಡಗೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡೇ, ಸೋತು ಸುಣ್ಣವಾಗಿದ್ದ ಅಮೆರಿಕದ ಫುಟ್ಬಾಲ್ ತಂಡವೊಂದನ್ನು ಬಲಗೈಯ ಒಂದೇ ಬೆರಳಿನಿಂದ ಗೆಲ್ಲಿಸಿದವನು ನಾನು. ನಂಬದಿದ್ದರೆ ನಮ್ಮ ಗೌರೀಶನನ್ನು ಕೇಳಿ. ಅವನು ಸುಳ್ಳು ಹೇಳುವುದಿಲ್ಲ. ಅವನಿಗೆ ಅದು ಬರುವುದೂ ಇಲ್ಲ.

ನಮ್ಮದು ಆ ಆಟದ ವಿಡಿಯೊ ನೋಡಿ ಲೆಕ್ಕ ಬರೆಯುವ ಆಫೀಸು. ಹೆಸರು ಫುಟ್ಬಾಲ್, ಆದರೆ ಚೆಂಡು ಇರುವುದು ಕೈಯಲ್ಲಿ; ಆಕಾರ ಸುಲಿಯದ ತೆಂಗಿನಕಾಯಿಯದು. ಅದನ್ನು ಎಸೆಯುವ ಯಜಮಾನನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಚೆಂಡು ಎದುರಾಳಿಗಳ ಪಾಲಾದರೆ ಅದು ಟರ್ನೋವರ್. ಯಜಮಾನ ಎಷ್ಟು ಸೆಕೆಂಡು ಚೆಂಡು ಹಿಡಿದು ನಿಂತ, ಎಷ್ಟು ದೂರ ಎಸೆದ, ಎಷ್ಟು ಸಲ ಕಳೆದುಕೊಂಡ ಎಂಬುದನ್ನು ಗೌರೀಶ ಮೂರು ವರ್ಷದಿಂದ ಹಾಳೆಯಲ್ಲಿ ತುಂಬುತ್ತಿದ್ದ. ಕನಸಿನಲ್ಲೂ ತುಂಬುತ್ತಿದ್ದನೆಂದು ಅವನ ತಾಯಿ ಹೇಳುತ್ತಾರೆ.

ತೊಂದರೆ ಇದ್ದದ್ದು ಖಾನಾಪುರದಲ್ಲಿ. ಅಲ್ಲಿನ ಸೋದರಮಾವ ಗುರುಪುತ್ರಪ್ಪನವರ ಮಗಳು ಪೂರ್ಣಿಮಾ ಇವನನ್ನು ಒಪ್ಪಿದ್ದಳು, ಇವನು ಅವಳನ್ನು ಒಪ್ಪಿದ್ದ. ಮಾವ ಇವನ ನೌಕರಿಯನ್ನು ಒಪ್ಪಿರಲಿಲ್ಲ.

"ಮಂದಿ ಚೆಂಡ ಬೀಳ್ಸಿದ್ದ ಎಣಸೂದು ಒಂದ ನೌಕರಿ ಏನಪಾ?" ಎಂದು ಅವರು ಫೋನಿನಲ್ಲಿ ಕೇಳಿದ್ದರು. "ಶನಿವಾರ ನಮ್ಮ ಮನಿ ಹಂಚ ಹೊಚ್ಚೂದೈತಿ. ಬಾ. ನಿನ್ನ ವಿದ್ಯಾ ಯಾರಿಗರೆ ಉಪಯೋಗ ಐತಿ ಅಂತ ತೋರ್ಸು. ಲಗ್ನದ ಮಾತು ಆಮ್ಯಾಲ."

ಗೌರೀಶ ಸದಾಶಿವನಗರದ ಮನೆಯಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಬೈಕಿನ ಹಿಂದೆ ಕೂತ. ಖಾನಾಪುರವನ್ನು ನಾನು ಹನ್ನೊಂದೇ ನಿಮಿಷದಲ್ಲಿ ಮುಟ್ಟಿಸಿದೆ, ದಾರಿಯಲ್ಲಿ ಮಿಸಳ್ ತಿಂದದ್ದೂ ಸೇರಿ.

ಮಳೆಗೆ ಮುಂಚೆ ಹಂಚು ಇಳಿಸಿ, ಪಾಚಿ ತೊಳೆದು, ಮತ್ತೆ ಹೊದಿಸುವ ದಿನ ಅದು. ಇಳಿಸಿ ತೊಳೆಯುವುದು ಮುಗಿದಿತ್ತು. ಇನ್ನು ಕೆಳಗಿನಿಂದ ಹಂಚಿನ ಕೆಲಸದ ಲಕ್ಷ್ಮಪ್ಪ ಒಂದೊಂದೇ ಹಂಚು ಎಸೆಯಬೇಕು, ಸೂರಿನ ಅಂಚಿನಲ್ಲಿ ನಿಂತವನು ಹಿಡಿದು ಜೋಡಿಸಬೇಕು. ಮೇಲೆ ಹಿಡಿಯಬೇಕಿದ್ದ ಲಕ್ಷ್ಮಪ್ಪನ ಮಗ ಸಂಜಯನಿಗೆ ಆಟೋ ನಗರದ ಗ್ಯಾರೇಜಿನಲ್ಲಿ ರಜೆ ಸಿಗದೆ, ಬೇರೊಬ್ಬನನ್ನು ಏಣಿ ಹತ್ತಿಸಿದರು. ನಾನೂ ಎಲ್ಲ ಕಾಣುವಂಥ ಎತ್ತರದ ಜಾಗ ಹಿಡಿದು ಉಸ್ತುವಾರಿಗೆ ನಿಂತೆ. ನನ್ನಂಥವನು ನಿಂತರೆ ಕೆಲಸ ತಾನಾಗಿ ಸಾಗುತ್ತದೆ.

ಮೊದಲ ನಲವತ್ತು ಹಂಚಿನಲ್ಲಿ ನಾಲ್ಕು ನೆಲಕ್ಕೆ ಬಿದ್ದು ಚೂರಾದವು. ಪ್ರತಿ ಚೂರಿಗೂ ಗುರುಪುತ್ರಪ್ಪ ಹಲ್ಲು ಕೀಳಿಸಿಕೊಂಡವರಂತೆ ಕೆನ್ನೆ ಹಿಡಿದುಕೊಂಡರು. ಜಿಂಕೆಯ ಛಾಪಿನ ಆ ಹಂಚು ಅವರ ಅಜ್ಜನ ಕಾಲದ್ದು. ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ನಲವತ್ತು ವರ್ಷವಾಗಿತ್ತು.

ಗೌರೀಶ ಒರಳುಕಲ್ಲಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಟ್ಟು, ಕಣ್ಣನ್ನು ಪರದೆಗೆ ಅಂಟಿಸಿ, ಟಕಟಕ ಒತ್ತಿದ.

"ಮಾಮಾ, ದೋಷ ಸಿಕ್ತು. ಲಕ್ಷ್ಮಪ್ಪ ಕಾಕಾ ಎರಡೆರಡ ಸಲ ತೂಗಿ, ಮೂರು ಸೆಕೆಂಡ ಹಂಚ ಹಿಡ್ಕೊಂಡ ನಿಲ್ತಾರ. ನಮ್ಮ ಆಟದಾಗ ಎರಡೂವರಿ ದಾಟಿತಂದ್ರ ಕ್ವಾರ್ಟರ್‌ಬ್ಯಾಕ್ ಚೆಂಡ ಕಳಕೊಂಡಂಗ."

"ಖರೇ ಏನು?"

"ನಲವತ್ತ ಎಸೆತದ ಲೆಕ್ಕ ಐತ್ರಿ."

ಲಕ್ಷ್ಮಪ್ಪ ಒಮ್ಮೆ ಮೇಲೆ ನೋಡಿದ, ಒಮ್ಮೆ ಮಾವನನ್ನು ನೋಡಿದ. "ಸಾವಕಾರ್ರ, ನಮ್ಮಪ್ಪನೂ ಹಿಂಗ ಒಗೀತಿದ್ದ" ಎಂದಷ್ಟೇ ಹೇಳಿದ.

"ನಿಮ್ಮಪ್ಪನ ಕಾಲಕ್ಕ ಲೆಕ್ಕ ಇರಲಿಲ್ಲ. ಲಗೂನ ಒಗಿ."

ಪಕ್ಕದ ಮನೆಯ ತಮ್ಮಣ್ಣ ಗೋಡೆಯ ಮೇಲೆ ಮೊಳಕೈಯೂರಿದ. ನಿವೃತ್ತ ಬಸ್ ಕಂಡಕ್ಟರ್. ಯಾರದೇ ಕೆಲಸವಾದರೂ ತನ್ನ ಸೀಟಿ ಇಲ್ಲದೆ ಹೊರಡಬಾರದು ಎಂಬುದು ಅವನ ನಂಬಿಕೆ. "ನಾ ಸೀಟಿ ಹೊಡೀತೇನಿ, ನೀ ಒಗಿ" ಎಂದ. ಅವನು ಸೀಟಿ ಊದಿದ, ಲಕ್ಷ್ಮಪ್ಪ ಬೆಚ್ಚಿಬಿದ್ದು ಎಸೆದ. ಮುಂದಿನ ಮೂವತ್ತರಲ್ಲಿ ಐದು ಹೋದವು.

ಲಕ್ಷ್ಮಪ್ಪ ಕೈ ಝಾಡಿಸಿಕೊಂಡು, ಚೂರು ಆಯುತ್ತಿದ್ದ ಹೆಂಡತಿ ರೇಣವ್ವನ ಬಾಜು ಹೋಗಿ ಕೂತ. ತಂಬಾಕಿಗೆ ಸುಣ್ಣ ಹಚ್ಚುತ್ತ ಗೌರೀಶನಿಗೆ, "ಇನ್ನ ನೀವ ಒಗೀರಿ ಸಾಹೇಬ್ರ" ಎಂದ.

ಬಾಗಿಲಲ್ಲಿ ಪೂರ್ಣಿಮಾ ನಿಂತಿದ್ದಳು. ಹಿಂದೆ ಸರಿಯಲು ದಾರಿಯಿರಲಿಲ್ಲ. ಗೌರೀಶ ತೋಳು ಮಡಚಿ ಎಸೆಯತೊಡಗಿದ. ಒಂದೂವರೆ ಸೆಕೆಂಡಿಗೊಂದು; ಜಗತ್ತಿನ ಯಾವ ಕ್ವಾರ್ಟರ್‌ಬ್ಯಾಕೂ ಅಷ್ಟು ಚುರುಕಾಗಿ ಎಸೆದಿರಲಾರ. ಏಳು ಹಂಚು ಎಸೆದ, ಏಳೂ ಒಡೆದವು. ಎಂಟನೆಯದು ಸಿಟ್ಟಿನಿಂದ ಹಾರಿ, ಸೂರಿನತ್ತ ಹೋಗುವುದನ್ನೇ ಬಿಟ್ಟು ಗೋಡೆ ದಾಟಿತು. ತಮ್ಮಣ್ಣ ಬಾಯಲ್ಲಿನ ಸೀಟಿ ಉದುರಿಸಿ, ಎರಡೂ ಕೈ ಚಾಚಿ, ಮೊಮ್ಮಗನನ್ನು ಹಿಡಿದಂತೆ ಎದೆಗವಚಿ ಹಿಡಿದ.

ಗೌರೀಶ ಪ್ರಾಮಾಣಿಕ. ಲ್ಯಾಪ್‌ಟಾಪಿಗೆ ಹೋಗಿ ತನ್ನ ಹೆಸರಿನ ಮುಂದೆ 'ಟರ್ನೋವರ್' ಎಂದು ಒತ್ತಿಬಂದ.

"ತಮ್ಮಣ್ಣಾ, ಹಂಚ ಕೊಡು ಇಲ್ಲೆ" ಎಂದರು ಗುರುಪುತ್ರಪ್ಪ.

"ಯಾಕ ಕೊಡ್ಲಿ? ನಮ್ಮ ಹಿತ್ತಲಕ್ಕ ಬಂದದ್ದ ನಮ್ದು. ಎರಡ ವರ್ಷದ ಹಿಂದ ಒಯ್ದ ನಮ್ಮ ಏಣಿ ನಿಮ್ದ ಆಗೇತಲ್ಲ, ಹಂಗ."

ಹೇಳಿದವನೇ ಸುತ್ತಿ ಬಂದು, ಸೂರಿಗೆ ಒರಗಿಸಿದ್ದ ಏಣಿಯನ್ನು ಹೆಗಲಿಗೇರಿಸಿಕೊಂಡು ಹೊರಟ. ಮೇಲಿದ್ದವನು "ಏ, ಏ" ಎಂದದ್ದು ಯಾರಿಗೂ ಕೇಳಿಸಲಿಲ್ಲ.

ಆಗ ರೇಣವ್ವ ಚೂರಿನ ಬುಟ್ಟಿ ಕೆಳಗಿಟ್ಟಳು.

"ತಮ್ಮಾ ಗೌರೀಶಾ, ಎಲ್ಲಾ ಬರದಿ ಖರೇ. ಹಿಡಿಯಾಂವನ ಹೆಸರ ಎಲ್ಲಿ ಬರದಿ?"

"ಅದಕ್ಕ ಜಾಗಾ ಇಲ್ಲಬೇ. ನಮ್ಮ ಹಾಳಿಯೊಳಗ ಕಳದದ್ದೆಲ್ಲಾ ಒಗದಾವನ ಹೆಸರಿಗೇ ಬೀಳತೈತಿ."

"ಹಂಗಾರ ಒಮ್ಮಿ ಆ ಪೆಟಗಿ ಬಿಟ್ಟು ಮ್ಯಾಲ ನೋಡು."

ಎಲ್ಲರೂ ತಲೆಯೆತ್ತಿದರು. ಸೂರಿನ ಅಂಚಿನಲ್ಲಿ, ಇಳಿಯಲು ಏಣಿಯಿಲ್ಲದೆ, ಎಡಗೈಯಲ್ಲಿ ಫೋನು ಎತ್ತಿ ಹಿಡಿದು, ಬಲಗೈಯೊಂದನ್ನೇ ಮುಂದೆ ಚಾಚಿಕೊಂಡು ನಿಂತವನು ನಾನು.

"ಮುಂಜಾನಿಂದ ನೋಡಾಕತ್ತೇನಿ" ಎಂದಳು ರೇಣವ್ವ. "ಒಂದ ಕೈಲೆ ಹಿಡೀತಾನ, ಇನ್ನೊಂದ ಕೈಲೆ ತನ್ನ ವಿಡಿಯೊ ತಾನ ತಗೀತಾನ."

"ಮೊದಲ ಹೇಳಾಕ ಏನಾಗಿತ್ತ ನಿಮಗ?" ಗುರುಪುತ್ರಪ್ಪ ಲಕ್ಷ್ಮಪ್ಪನತ್ತ ತಿರುಗಿದರು.

"ನಿಮ್ಮನಿಗೆ ಬಂದ ಪಾವಣ್ಯಾರ್ರೀ" ಎಂದ ಲಕ್ಷ್ಮಪ್ಪ. "ಪಾವಣ್ಯಾರ ಕೈ ಸುಮಾರ ಐತಿ ಅಂತ ಹೆಂಗ ಹೇಳೂದ್ರೀ?"

ಅಮೆರಿಕದಲ್ಲಿ ಒಂದೇ ಕೈಯಲ್ಲಿ ಚೆಂಡು ಹಿಡಿದರೆ ಸಾವಿರಾರು ಜನ ಎದ್ದು ನಿಲ್ಲುತ್ತಾರೆ ಎಂದು ನಾನು ಮೇಲಿನಿಂದಲೇ ವಿವರಿಸಿದೆ. ಇಲ್ಲಿ ಎಲ್ಲರೂ ಆಗಲೇ ನಿಂತಿದ್ದರು, ಆದರೆ ಮುಖ ಬೇರೆ ಥರ ಇತ್ತು. "ಬಸಲಿಂಗಪ್ಪಣ್ಣ, ಇಳೀರಿ ಕೆಳಗ" ಎಂದಳು ಪೂರ್ಣಿಮಾ.

ಸಂಜೆಗೆ ಏಣಿ ವಾಪಸು ಕೊಡುತ್ತೇವೆಂಬ ಮಾತಿನ ಮೇಲೆ ತಮ್ಮಣ್ಣ ಏಣಿಯನ್ನೂ ಹಂಚನ್ನೂ ತಂದುಕೊಟ್ಟ. ಪೂರ್ಣಿಮಾ ಓಢಣಿ ಸೊಂಟಕ್ಕೆ ಬಿಗಿದು ಹತ್ತಿದಳು. ಲಕ್ಷ್ಮಪ್ಪ ಎರಡೆರಡು ಸಲ ತೂಗಿ, ಮೂರು ಸೆಕೆಂಡು ನಿಂತು ಎಸೆದ. ಉಳಿದ ಮುನ್ನೂರು ಹಂಚಿನಲ್ಲಿ ಒಂದೂ ಬೀಳಲಿಲ್ಲ.

ಗೌರೀಶನ ಮುಖ ಅರಳಿತು. "ಮಾಮಾ, ನೋಡ್ರಿ, ಒಗದಾವನ ತಪ್ಪಿಲ್ಲ ಅಂತ ಲೆಕ್ಕದಾಗ ಬಂತು."

"ಅದನ್ನ ರೇಣವ್ವ ಲ್ಯಾಪ್‌ಟಾಪ್ ಇಲ್ಲದ ಹೇಳಿದ್ಲಪಾ" ಎಂದರು ಮಾವ. ಒಳಗೆ ಹೋಗಿ ನಡುಮನೆಯಲ್ಲಿ ನಿಂತು ಮೇಲೆ ನೋಡಿದರು. ನಿಶ್ಚಿತಾರ್ಥಕ್ಕೆ ಜಮಖಾನ ಹಾಸಬೇಕಾದ ಜಾಗದ ಮೇಲೇ, ಹದಿನಾರು ಹಂಚಿನಗಲ ಆಕಾಶ ಕಾಣುತ್ತಿತ್ತು. "ಜಿಂಕಿ ಛಾಪಿಂದ ಹದಿನಾರ ಹಂಚ ಹುಡುಕಿ ತಾ. ಅಲ್ಲೀತನಾ ಲಗ್ನದ ಮಾತ ಬ್ಯಾಡ."

ಅಂದಿನಿಂದ ಪ್ರತಿ ಭಾನುವಾರ ಗೌರೀಶ ಗೋಣಿಚೀಲ ಹಿಡಿದು ಸುತ್ತಮುತ್ತಲ ಊರುಗಳ ಹಳೆಯ ಮನೆಗಳ ಸೂರು ನೋಡುತ್ತಾನೆ. ಇಲ್ಲಿಯವರೆಗೆ ಮೂರು ಸಿಕ್ಕಿವೆ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಆ ಸೋಮವಾರ ಗೌರೀಶ ಹಠ ಹಿಡಿದು ಆಫೀಸಿನ ಹಾಳೆಗೆ ಹಿಡಿಯುವವನ ಹೆಸರಿನ ಕಾಲಂ ಸೇರಿಸಿದ. ಹಳೆಯ ಹಾಳೆಗಳನ್ನೆಲ್ಲ ಮತ್ತೆ ತೆರೆದರು. ನಾನು ಒಂದೇ ಬೆರಳಿನಿಂದ ಗೆಲ್ಲಿಸಿದ ಪಂದ್ಯವೂ ತೆರೆಯಿತು. ಚಹಾ ಕುಡಿಯುತ್ತ ಆ ತಂಡದ ಅಂಕಕ್ಕೆ ಮೂರರ ಬದಲು ಎಂಟು ಒತ್ತಿದ್ದೆ. ತಂಡ ನಮ್ಮ ಹಾಳೆಯಲ್ಲಿ ಗೆದ್ದಿತ್ತು, ಅಮೆರಿಕದಲ್ಲಿ ಸೋತೇ ಇತ್ತು. ಹಾಳೆಯ ತಲೆಯಲ್ಲಿದ್ದದ್ದು ಗೌರೀಶನ ಹೆಸರು. ಆ ತಪ್ಪಿಗೂ ಅವನೇ ಬೈಸಿಕೊಂಡ. ನಾನು ಮಗ್ಗುಲಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಖಾನಾಪುರಕ್ಕೆ ಅಂದು ಹಿಡಿದದ್ದು ಮುಕ್ಕಾಲು ಗಂಟೆ, ಮಿಸಳ್ ಬಿಟ್ಟು.

ಸಿಕ್ಕ ಹಂಚನ್ನು ಮುಟ್ಟಲು ಗೌರೀಶ ನನಗೆ ಬಿಡುವುದಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಹಿಡಿದು ಕೂರುತ್ತಾನೆ. ನನಗೆ ಬೈಕ್ ನಡೆಸುವ ಕೆಲಸ ಕೊಟ್ಟಿದ್ದಾನೆ. ಅದಕ್ಕೆ ಎರಡೂ ಕೈ ಬೇಕಾಗುತ್ತವೆ.