ಕೆಂಪು ಚುಕ್ಕಿ ಮತ್ತು ಜಲಜಾಕ್ಷಿಯ ಶನಿವಾರ

ಜಲಜಾಕ್ಷಿಗೆ ಗಂಡನ ಮೇಲೆ ದೂರಿರಲಿಲ್ಲ. ಗಂಡ ಮನೆಯಲ್ಲಿರುವುದರ ಮೇಲೆ ಇತ್ತು. ಇವೆರಡೂ ಬೇರೆ ಬೇರೆ ಸಂಗತಿಗಳು ಎಂದು, ಮದುವೆಯಾಗಿ ಕಾಲು ಶತಮಾನ ದಾಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರೇಮನಾಥ ವಾರದ ದಿನಗಳಲ್ಲಿ ನಾರ್ತ್ ಸಿಡ್ನಿಯ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕೂತು ಊರವರ ಕ್ಲೇಮುಗಳಲ್ಲಿ ತಪ್ಪು ಹುಡುಕುತ್ತಿದ್ದ. ಶನಿವಾರ ಮನೆಯಲ್ಲಿದ್ದರೆ ಆ ದೈವದತ್ತ ಪ್ರತಿಭೆ ಸಿಡ್ನಿಯ ಹೊರವಲಯದ ಗಿರಾವೀನಿನಲ್ಲಿದ್ದ ಅವರ ಅಡುಗೆಮನೆಯ ಮೇಲೆ ಎರಗುತ್ತಿತ್ತು. ಒಮ್ಮೆ ಮಸಾಲೆ ಡಬ್ಬಿಗಳನ್ನೆಲ್ಲ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿಟ್ಟು, ಜೀರಿಗೆ ಎಲ್ಲಿ ಎಂದು ಕೇಳಿದರೆ "ಕನ್ನಡದಲ್ಲಿ ಹುಡುಕುದಾ, ಇಂಗ್ಲಿಷಿನಲ್ಲಿ ಹುಡುಕುದಾ?" ಎಂದಿದ್ದ.

ಹೀಗಿರುವಾಗ ಆಫೀಸಿನ ಗೆಳೆಯನೊಬ್ಬ ಅವನನ್ನು ಪಿಸ್ತೂಲ್ ಕ್ಲಬ್ಬಿಗೆ ಸೇರಿಸಿದ. ಲೈಸೆನ್ಸು ಬಂತು, ಗೋಡೆಗೆ ಬೋಲ್ಟು ಹಾಕಿದ ಕಬ್ಬಿಣದ ಸೇಫು ಬಂತು, ಕೊನೆಗೆ ಪಿಸ್ತೂಲೂ ಬಂತು. ಅದೂ ಫುಲ್ ಸೈಜಿನದ್ದು. (ಇವರ ಮಲಗುವ ಕೋಣೆಯಲ್ಲಿ ಫುಲ್ ಸೈಜಿನ ಬೀರುವಿಗೆ ಜಾಗವಿರಲಿಲ್ಲ, ಆ ಮಾತು ಬೇರೆ.) ನೆಂಟರೆಲ್ಲ ಬೆಚ್ಚಿಬಿದ್ದರು. ಜಲಜಾಕ್ಷಿ ಮಾತ್ರ ಆರತಿ ಎತ್ತುವುದೊಂದು ಬಾಕಿ. ಯಾಕೆಂದರೆ ಶನಿವಾರ ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಗಂಡ ಮರಳುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಐದು ದಿನ ವೃದ್ಧಾಶ್ರಮದ ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸಿ, ಮಾತ್ರೆ ನುಂಗಿಸಿ ಸೊಂಟ ಬಿದ್ದುಹೋದ ಅವಳಿಗೆ ಆ ಒಂದು ದಿನ ಸ್ವರ್ಗ. ಒಣಮೀನು ಹುರಿಯುವುದು, ಕಾಲು ಟೀಪಾಯಿಯ ಮೇಲಿಟ್ಟು, ತಾಳಮದ್ದಳೆಯ ರೆಕಾರ್ಡಿಂಗನ್ನು ಗೋಡೆ ನಡುಗುವಷ್ಟು ಜೋರಾಗಿ ಹಾಕಿ ಕೇಳುವುದು. "ವಾಲ್ಯೂಮು ಕಡಿಮೆ ಮಾಡು" ಎನ್ನುವ ಪ್ರಾಣಿ ಇಲ್ಲ.

ಒಂದು ಶನಿವಾರ ಪ್ರೇಮನಾಥ ಮಧ್ಯಾಹ್ನಕ್ಕೇ ಬಂದುಬಿಟ್ಟ. ಪಿಸ್ತೂಲನ್ನು ಸೇಫಿಗೆ ಹಾಕಿ ಬೀಗ ತಿರುಗಿಸಿ, ಸೋಫಾದ ಮೇಲೆ ಕುಸಿದ.

"ನಾನು ಬಿಟ್ಟೆ ಜಲಜಾ."

"ಎಂಥದನ್ನು?"

"ಶೂಟಿಂಗನ್ನು. ಪಿಸ್ತೂಲಿನ ತುದಿಯಲ್ಲಿ ಗುರಿ ಹಿಡಿಯುವ ಮೊಳೆ ಉಂಟಲ್ಲ, ಅದೇ ಮಸುಕಾಗಿ ಕಾಣ್ತದೆ. ಓದುವ ಕನ್ನಡಕ ಹಾಕಿದ್ರೆ ಮೊಳೆ ಕಾಣ್ತದೆ, ಹೊಡೆಯುವ ಬೋರ್ಡೇ ಮಾಯ."

"ಹಾಗಾದ್ರೆ ಕಣ್ಣು ತೋರಿಸಿ ಮಾರಾಯ್ರೆ."

"ಕಣ್ಣಿಗೆ ಎಂಥದ್ದೂ ಆಗ್ಲಿಲ್ಲ. ನಮ್ಮ ಮನೆತನದಲ್ಲಿ ಯಾರಿಗೂ ಕಣ್ಣಿನ ತೊಂದರೆ ಇಲ್ಲ." (ಅವನ ತಂದೆ ಬಂಧುಗಳ ಮದುವೆಗೆಂದು ಹೋಗಿ ಪಕ್ಕದ ಛತ್ರದ ಮದುವೆಯಲ್ಲಿ ಉಂಡು, ಉಡುಗೊರೆಯನ್ನೂ ಕೊಟ್ಟು ಬಂದವರು.) "ಇರ್ಲಿ ಬಿಡು. ಇನ್ನು ಶನಿವಾರ ಇಡೀ ಮನೆಯಲ್ಲೇ ಇರ್ತೇನೆ. ನಿಂಗೂ ಒಂದು ಕಂಪನಿ ಆಗ್ತದೆ."

ಜಲಜಾಕ್ಷಿ ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋಗಿ ತಮ್ಮ ಸುಕೇಶನಿಗೆ ಫೋನು ಹಚ್ಚಿದಳು. ಸುಕೇಶ್ ಇದ್ದದ್ದು ಮೆಲ್ಬರ್ನಿನ ವೆರಿಬೀಯಲ್ಲಿ. ಅವನೂ ಅಲ್ಲಿನ ಕ್ಲಬ್ಬೊಂದರಲ್ಲಿ ಪಿಸ್ತೂಲು ಹಾರಿಸುವವನೇ. ಜಲಜಾಕ್ಷಿಯ ಮಗಳು ಜ್ಯೋತ್ಸ್ನಾ ಅವನ ಮನೆಯಲ್ಲಿದ್ದುಕೊಂಡು ಯೂನಿವರ್ಸಿಟಿಗೆ ಹೋಗುತ್ತಿದ್ದಳು.

"ಇಷ್ಟೇಯಾ ಅಕ್ಕ? ಭಾವನಿಗೆ ಒಂದು ರೆಡ್ ಡಾಟ್ ಹಾಕಿಸು."

"ಎಲ್ಲಿಗೆ, ಹಣೆಗಾ?"

"ಪಿಸ್ತೂಲಿಗೆ! ಮೇಲೆ ಒಂದು ಸಣ್ಣ ಗಾಜಿನ ಕಿಟಕಿ ಕೂರಿಸುದು. ಅದರಲ್ಲಿ ಕೆಂಪು ಚುಕ್ಕಿ ಕಾಣ್ತದೆ. ಚುಕ್ಕಿ ಎಲ್ಲಿಗೋ ಗುಂಡು ಅಲ್ಲಿಗೆ. ಮೊಳೆ ನೋಡುವ ಕೆಲಸವೇ ಇಲ್ಲ. ವಯಸ್ಸಾದವರೆಲ್ಲ ಈಗ ಅದನ್ನೇ ಹಾಕುದು."

ಆ ಕೊನೆಯ ವಾಕ್ಯವನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಅವಳು ಗಂಡನಿಗೆ ಒಪ್ಪಿಸಿದಳು. ಪ್ರೇಮನಾಥನ ಮುಖದಲ್ಲಿ ಕಳೆ ಬಂತು.

ಅಲ್ಲಿಂದ ಶುರುವಾಯಿತು ಆಯ್ಕೆಯೆಂಬ ಮಹಾಯಜ್ಞ. ಚುಕ್ಕಿ ಸಣ್ಣದೋ ದೊಡ್ಡದೋ, ಗಾಜು ತೆರೆದದ್ದೋ ಸುತ್ತ ಮುಚ್ಚಿದ್ದೋ, ಬ್ಯಾಟರಿ ಅಡಿಯಲ್ಲೋ ಪಕ್ಕದಲ್ಲೋ. ಊಟ ಮಾಡುವಾಗ ವಿಡಿಯೋ, ಹಲ್ಲುಜ್ಜುವಾಗ ವಿಡಿಯೋ. ಗಡ್ಡದ ಅಮೆರಿಕನ್ನರು ಒಬ್ಬರಾದ ಮೇಲೊಬ್ಬರು ಬಂದು ಅವಳ ಸಾರಿನ ಮೇಲೆ ಭಾಷಣ ಮಾಡಿ ಹೋದರು.

"ಸಣ್ಣ ಚುಕ್ಕಿ ಆದ್ರೆ ನಿಖರ. ದೊಡ್ಡದಾದ್ರೆ ಬೇಗ ಕಾಣ್ತದೆ. ಯಾವುದು ಮಾಡುದು?"

"ದೊಡ್ಡದು ತಕ್ಕೊಳ್ಳಿ. ಕಾಣುದಿಲ್ಲ ಅಂತ ಅಲ್ವಾ ಇಷ್ಟೆಲ್ಲ?"

"ನಿಂಗೆ ಇದು ಅರ್ಥ ಆಗುದಿಲ್ಲ ಮಾರಾಯ್ತಿ. ಇದು ಆತುರದಲ್ಲಿ ಮಾಡುವ ವಿಷಯ ಅಲ್ಲ."

ತನ್ನನ್ನು ನೋಡಲು ಬಂದಿದ್ದ ದಿನ ಇದೇ ಮನುಷ್ಯ ಎರಡು ಗೋಳಿಬಜೆ ತಿಂದು ಮುಗಿಸುವಷ್ಟರಲ್ಲಿ ತೀರ್ಮಾನ ಹೇಳಿದ್ದನ್ನು ಜಲಜಾಕ್ಷಿ ನೆನೆದಳು. ಆತುರವಾಯಿತೆಂದು ಅವನಿಗೆ ಆಮೇಲೆ ಅನ್ನಿಸಿರಬಹುದೇ? ಕೇಳುವಷ್ಟು ಶಕ್ತಿ ಅವಳಲ್ಲಿರಲಿಲ್ಲ.

ಕೊನೆಗೆ ಸಣ್ಣ ಚುಕ್ಕಿಯದೇ ಬಂತು. ಬಂದ ಮೇಲೆ ಗೊತ್ತಾಯಿತು, ಅದರ ತೂತುಗಳಿಗೂ ಪಿಸ್ತೂಲಿನ ತೂತುಗಳಿಗೂ ಜಾತಕ ಕೂಡುವುದಿಲ್ಲ. ನಡುವೆ ಮಧ್ಯಸ್ಥಿಕೆಗೆ ಒಂದು ಲೋಹದ ಪಟ್ಟಿ ಬೇಕು. ಅದನ್ನು ತರಿಸುವವರೆಗೆ ಮತ್ತೊಂದು ಶನಿವಾರ ಮನೆಯಲ್ಲೇ. ಆ ದಿನ ಪ್ರೇಮನಾಥ ಫ್ರಿಜ್ಜನ್ನು ಖಾಲಿ ಮಾಡಿ, ಅವಳ ಉಪ್ಪಿನಕಾಯಿ ಬಾಟಲಿಗಳಿಗೆಲ್ಲ ತಾರೀಖಿನ ಚೀಟಿ ಅಂಟಿಸಿದ. ಅವಳು ಪೋಸ್ಟಿನವನ ವ್ಯಾನಿನ ಸದ್ದಿಗೆ, ಮೊದಲ ಬಾಣಂತನಕ್ಕೆ ತವರಿನವರು ಬಂದು ಕರೆದೊಯ್ಯುವುದನ್ನು ಕಾದಂತೆ ಕಾದಳು.

ಪಟ್ಟಿ ಕೈಸೇರಿದ ಮೇಲಿನ ಭಾನುವಾರ ಊಟದ ಮೇಜಿನ ಮೇಲೆ ಶುಭಕಾರ್ಯ. ಪಿಸ್ತೂಲು ಖಾಲಿ ಇದೆಯೆಂದು ಪ್ರೇಮನಾಥ ಮತ್ತೆ ಮತ್ತೆ ಪರೀಕ್ಷಿಸಿದ. ಗುಂಡುಗಳು ಬೇರೆಯೇ ಪೆಟ್ಟಿಗೆಯಲ್ಲಿ ಬೀಗದೊಳಗೆ. ಪುರೋಹಿತನ ಸ್ಥಾನದಲ್ಲಿ ಸುಕೇಶ್, ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ.

"ಜಲಜಾ, ನಿಂಗೆ ಲೈಸೆನ್ಸ್ ಇಲ್ಲ. ಮುಟ್ಟುವ ಹಾಗಿಲ್ಲ."

"ಸಂತೋಷ. ನಾನು ಹೋಗಿ ಮಲಗ್ತೇನೆ."

"ಟಾರ್ಚ್ ಮುಟ್ಟಬಹುದು. ಹಿಡಿ."

ಅವಳು ಹಿಡಿದಳು. ಮೊದಲ ಸ್ಕ್ರೂ ಅವನ ಬೆರಳಿಂದ ಜಾರಿ ಕಾರ್ಪೆಟ್ಟಿನಲ್ಲಿ ಅಂತರ್ಧಾನವಾಯಿತು. ಪ್ರೇಮನಾಥ ನೆಲದ ಮೇಲೆ ಮೂಗೂರಿ ಅಂಗುಲ ಅಂಗುಲ ಹುಡುಕಿದ. ಕೊನೆಗೆ ಅದನ್ನು ಕಂಡುಹಿಡಿದದ್ದು ಜಲಜಾಕ್ಷಿಯ ಅಂಗಾಲು, ಒಂದು ಚೀತ್ಕಾರದೊಡನೆ. ಆಮೇಲೆ ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು. "ಒಂದೇ ಹನಿ ಸಾಕು ಭಾವ" ಎಂದ ಸುಕೇಶ್. ಬಾಟಲಿ ಉದಾರಿ, ಮೇಜಿನ ಬಟ್ಟೆಗೂ ಪಾಲು ಸಿಕ್ಕಿತು.

"ಇನ್ನು ಆ ಸಣ್ಣ ಪಾನಾದಿಂದ ತಿರುಗಿಸಿ. ಬಿಗಿ ಸಾಕಾದಾಗ ಅದೇ 'ಟಕ್' ಅಂತದೆ. ಅಂದ ಕೂಡಲೇ ನಿಲ್ಲಿಸ್ಬೇಕು."

ಪ್ರೇಮನಾಥ ಉಸಿರು ಬಿಗಿಹಿಡಿದು ಬಗ್ಗಿದ. ಟಕ್!

"ಆಯ್ತು!"

"ಅದು ನಿಮ್ಮ ಮೊಣಕಾಲು ಮಾರಾಯ್ರೆ. ಇನ್ನೂ ತಿರುಗಿಸಿ," ಎಂದಳು ಜಲಜಾಕ್ಷಿ.

ಅಂತೂ ಕೂತಿತು. ಅಂಟು ಒಣಗುವವರೆಗೆ ಅಲುಗಿಸಬೇಡಿ ಎಂದು ಸುಕೇಶ್ ಹೇಳಿದ್ದರಿಂದ ಪಿಸ್ತೂಲು ನೇರ ಸೇಫಿಗೆ ಹೋಯಿತು. ಬ್ಯಾಟರಿ ಪಕ್ಕದಿಂದ ಹಾಕುವಂಥದ್ದು, ಕ್ಲಬ್ಬಿನಲ್ಲೇ ಹಾಕಿದರಾಯಿತು.

ಶನಿವಾರ ಅವನನ್ನು ಬೀಳ್ಕೊಟ್ಟು ಅವಳು ಒಣಮೀನು ತೆಗೆದಳು. ಮಧ್ಯಾಹ್ನವಾಗುವಷ್ಟರಲ್ಲಿ ಬಾಗಿಲು ದಢಾರೆಂದಿತು.

"ಅದು ಚುಕ್ಕಿಯೇ ಅಲ್ಲ ಜಲಜಾ! ದ್ರಾಕ್ಷಿ ಗೊಂಚಲು! ಯಾವ ದ್ರಾಕ್ಷಿಯಿಂದ ಗುರಿ ಹಿಡಿಯುದು ನಾನು? ಮೋಸ! ಕೆಟ್ಟ ಮಾಲು ಕೊಟ್ಟಿದ್ದಾರೆ!"

ಕೂಡಲೇ ಲ್ಯಾಪ್‌ಟಾಪು ತೆರೆದು ಅಂಗಡಿಯವರ ಮೇಲೆ ದೂರು ಟೈಪಿಸತೊಡಗಿದ. ಜೀವಮಾನವಿಡೀ ಬೇರೆಯವರ ಕ್ಲೇಮು ತಿರಸ್ಕರಿಸಿದವನು ಸ್ವಂತ ಕ್ಲೇಮು ಬರೆಯುವ ಗಾಂಭೀರ್ಯವೇ ಬೇರೆ. ಜಲಜಾಕ್ಷಿ ಒಲೆ ಆರಿಸಿ, ನಿಟ್ಟುಸಿರಿಟ್ಟು, ವೆರಿಬೀಗೆ ವಿಡಿಯೋ ಕಾಲು ಮಾಡಿದಳು.

"ಭಾವ, ದೂರು ಆಮೇಲೆ ಕಳಿಸಿ," ಎಂದ ಸುಕೇಶ್. "ಮೊದಲು ಆ ಗಾಜಿನ ಹಿಂದೆ ಫೋನು ಹಿಡಿದು ಚುಕ್ಕಿಯ ಒಂದು ಫೋಟೋ ತೆಗೀರಿ."

ತೆಗೆದದ್ದಾಯಿತು. ಗೋಡೆಯ ಬಿಳಿಯ ಮೇಲೆ ಒಂದೇ ಒಂದು ಕೆಂಪು ಚುಕ್ಕಿ. ದುಂಡಗೆ, ಮುದ್ದಾಗಿ, ಮದುಮಗಳ ಕುಂಕುಮದ ಹಾಗೆ. ಪ್ರೇಮನಾಥ ಫೋಟೋ ನೋಡಿದ, ಗಾಜಿನಲ್ಲಿ ಇಣುಕಿದ, ಮತ್ತೆ ಫೋಟೋ ನೋಡಿದ.

"ಫೋನಿಗೆ ಗುಂಡಗೆ ಕಾಣ್ತದೆ. ನಂಗೆ ಯಾಕೆ ಗೊಂಚಲು?"

ಸುಕೇಶ್ ಕೆಮ್ಮಿದ. ಅವನ ಭುಜದ ಹಿಂದಿನಿಂದ ಜ್ಯೋತ್ಸ್ನಾಳ ಮುಖ ತೂರಿತು. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಪ್ಪಾ, ದ ಡಾಟ್ ಈಸ್ ಫೈನ್. ಯೂ ಆರ್ ನಾಟ್."

ಪರಮಟ್ಟಾದಲ್ಲಿ ಕಣ್ಣು ಪರೀಕ್ಷಿಸುವ ಹೇಮಲತಾ ಬೆಂಗಳೂರಿನ ಹುಡುಗಿ. ಪ್ರೇಮನಾಥನನ್ನು ಯಂತ್ರದ ಮುಂದೆ ಕೂರಿಸಿ, ಗಾಜು ಬದಲಾಯಿಸಿ ಬದಲಾಯಿಸಿ ಕೇಳಿ, ಕೊನೆಗೆ ನಕ್ಕಳು.

"ಅಂಕಲ್, ಕಣ್ಣಿನ ಮುಂಭಾಗ ಕ್ರಿಕೆಟ್ ಬಾಲ್ ಥರ ರೌಂಡಾಗಿರ್ಬೇಕು. ನಿಮ್ದು ಇಲ್ಲಿಯವರ ಫೂಟಿ ಬಾಲ್ ಥರ ಮೊಟ್ಟೆಯಾಕಾರ ಇದೆ. ಅದಕ್ಕೇ ಚುಕ್ಕಿ ಚದುರಿ ಕಾಣ್ತಿರೋದು. ಹೊಸ ಕನ್ನಡಕ ಹಾಕಿದ್ರೆ ಸರಿಹೋಗತ್ತೆ. ಇಷ್ಟು ವರ್ಷ ಹೇಗೆ ಮ್ಯಾನೇಜ್ ಮಾಡಿದ್ರಿ?"

"ಅವರು ಮಾಡ್ಲಿಲ್ಲ," ಎಂದಳು ಜಲಜಾಕ್ಷಿ. "ನಾನು ಮಾಡಿದೆ."

ಹೊಸ ಕನ್ನಡಕ ಧರಿಸಿ ಪ್ರೇಮನಾಥ ಮುಂದಿನ ಶನಿವಾರ ಶಿಸ್ತಾಗಿ ಹೊರಟ. ಜಲಜಾಕ್ಷಿ ಬಾಗಿಲು ಹಾಕಿಕೊಂಡು, ಇಷ್ಟು ವಾರಗಳ ಬಾಕಿಯನ್ನೆಲ್ಲ ಇವತ್ತೇ ತೀರಿಸುವ ಸಂಕಲ್ಪದಿಂದ ಒಣಬಂಗಡೆಯ ಇಡೀ ಕಟ್ಟನ್ನು ಬಿಚ್ಚಿದಳು. ತಾಳಮದ್ದಳೆಯಲ್ಲಿ ಭೀಮ ಗಂಟಲು ಸರಿಮಾಡಿಕೊಂಡು, ದುರ್ಯೋಧನನಿಗೆ ಉತ್ತರ ಕೊಡಲು ಬಾಯಿ ತೆರೆದಿದ್ದ.

ಗ್ಯಾರೇಜಿನ ಬಾಗಿಲು ಮೇಲೇರಿದ ಸದ್ದು.

"ಪುನಃ ಎಂಥ ಆಯ್ತು? ಪುನಃ ಗೊಂಚಲಾ?" ಬಾಣಲೆ ಕೈಯಲ್ಲಿ ಹಿಡಿದೇ ಅವಳು ಓಡಿಬಂದಳು.

ಪ್ರೇಮನಾಥನ ಮುಖ ದೀಪಾವಳಿ. "ಗೊಂಚಲಾ? ಚುಕ್ಕಿ ಅಂದ್ರೆ ಚುಕ್ಕಿ! ಹೊಡೆದದ್ದೆಲ್ಲ ನಡುವಿಗೆ! ಕ್ಲಬ್ಬಿನವರು ಬಾಯಿಬಿಟ್ಟು ನಿಂತ್ರು."

"ಮತ್ತೆ ಇಷ್ಟು ಬೇಗ ಯಾಕೆ ಬಂದದ್ದು?"

"ಮೊದಲೆಲ್ಲ ಗುರಿ ತಪ್ಪುತ್ತಿತ್ತು. ತಪ್ಪಿದ್ದನ್ನು ಪುನಃ ಹೊಡೆಯುದು, ಯಾಕೆ ತಪ್ಪಿತು ಅಂತ ಒಬ್ಬೊಬ್ಬರ ಹತ್ತಿರ ಚರ್ಚೆ ಮಾಡುದು, ಅಷ್ಟೊತ್ತಿಗೆ ಸಂಜೆ ಆಗ್ತಿತ್ತು. ಈಗ ತಪ್ಪುದೇ ಇಲ್ಲ ಅಲ್ವಾ? ಹೋದೆ, ಹೊಡೆದೆ, ಬಂದೆ. ಇನ್ನು ಪ್ರತಿ ಶನಿವಾರ ಹೀಗೇ!"

ಪ್ರೇಮನಾಥ ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ತನ್ನ ಮನೆಯನ್ನು ವರ್ಷಗಳ ನಂತರ ಮೊದಲ ಬಾರಿಗೆ ನೋಡಿದ. ಫ್ಯಾನನ್ನು ನೋಡಿದ. ಕಿಟಕಿಯ ಸಂದು ನೋಡಿದ. ಒಲೆಯ ಹಿಂದಿನ ಟೈಲ್ಸು ನೋಡಿದ.

"ಜಲಜಾ, ಆ ಫ್ಯಾನಿನ ರೆಕ್ಕೆ ಬಿಳಿ ಅಲ್ವಾ ಇದ್ದದ್ದು? ಓ ಅಲ್ಲಿ ಜೇಡನ ಬಲೆ! ಈ ಎಣ್ಣೆ ಜಿಡ್ಡು ಯಾವ ಕಾಲದ್ದು? ಪರವಾಗಿಲ್ಲ, ಈಗ ಎಲ್ಲ ಕಾಣ್ತದೆ ನಂಗೆ. ಏಣಿ ತರ್ತೇನೆ ಇರು."

ಜಲಜಾಕ್ಷಿ ಭೀಮನ ಬಾಯಿ ಮುಚ್ಚಿಸಿದಳು. ಬಾಣಲೆ ಇಟ್ಟು, ಒಣಹಾಕಲು ಯಾವ ಬಟ್ಟೆಯೂ ಇಲ್ಲದಿದ್ದರೂ ಹಿತ್ತಲಿಗೆ ನಡೆದು, ತಮ್ಮನಿಗೆ ಫೋನು ಹಚ್ಚಿ, ತಗ್ಗಿದ ದನಿಯಲ್ಲಿ ಕೇಳಿದಳು:

"ಸುಕೇಶಾ, ಪಿಸ್ತೂಲಿಗೆ ಗುರಿ ತಪ್ಪಿಸುವಂಥದ್ದು ಎಂಥಾದ್ರೂ ಸಿಗ್ತದಾ? ಒಳ್ಳೆಯ ಕಂಪನಿದೇ ಆಗ್ಬೇಕು. ತುಂಬಾ ತಪ್ಪಿಸ್ಬೇಕು."