ನನ್ನನ್ನು ಕಳ್ಳನೆಂದ ಕಾರು

ಮನುಷ್ಯರು ನನ್ನನ್ನು ಅನುಮಾನಿಸಿದರೆ ನನಗೆ ಅಷ್ಟೇನೂ ಬೇಸರವಿಲ್ಲ. ಹೈದರಾಬಾದಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ, ನನ್ನ ಮುರುಕು ತೆಲುಗು ಕೇಳಿದ ಮಾಲೀಕರು ಬಾಗಿಲನ್ನು ಅರ್ಧವೇ ತೆರೆದು ಮಾತಾಡಿದ್ದರು. ನಾನೇನೂ ಅಂದುಕೊಳ್ಳಲಿಲ್ಲ. ಆದರೆ ಸ್ವಂತ ಕಾರೇ ಅನುಮಾನಿಸಿದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಕಳ್ಳರ ಕಾಟ ಬೇಡವೆಂದು ಕಾರ್ಖಾನೆಯವರೇ ಅದರಲ್ಲೊಂದು ಏರ್ಪಾಡು ಮಾಡಿದ್ದರು. ಕೀಲಿಯ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಕಾರು ಅದನ್ನು ಗುರುತಿಸಿದರೆ ಮಾತ್ರ ಎಂಜಿನ್ ನಡೆಯುತ್ತದೆ. ಕೊಳ್ಳುವಾಗ ಇದನ್ನು ಕೇಳಿ ತಲೆದೂಗಿದವನೂ ನಾನೇ. ಒಂದು ಬೆಳಿಗ್ಗೆ ಎಂಜಿನ್ ಗುರ್ ಎಂದಿತು, ಮರುಕ್ಷಣ ನಿಂತಿತು. ಎದುರಿಗೆ ಕೀಲಿಯ ಚಿತ್ರವಿರುವ ಕೆಂಪು ದೀಪ ಮಿಣುಕತೊಡಗಿತು. ಅವತ್ತೇ ನನ್ನ ಹೆಂಡತಿ ಶೈಲಜಾಗೆ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಸಂದರ್ಶನ. ಮದುವೆಯಾಗಿ ಕಲಬುರಗಿ ಬಿಟ್ಟು ಬಂದಾಗಿನಿಂದ ಅವಳು ಕಾದು ಕೂತಿದ್ದ ಕೆಲಸ ಅದು. ನಾನು ಸಾಫ್ಟ್‌ವೇರಿನವನಲ್ಲವೇ? ಅವಳನ್ನು ಕೆಳಗಿಳಿಸಿ, ಬಾಗಿಲು ಹಾಕಿಸಿ, ಮತ್ತೆ ಹತ್ತಿಸಿ, ಕೀಲಿ ತಿರುಗಿಸಿದೆ. ಆಫೀಸಿನ ಕಂಪ್ಯೂಟರುಗಳೆಲ್ಲ ಇಷ್ಟಕ್ಕೇ ದಾರಿಗೆ ಬರುತ್ತವೆ. ಕಾರು ಬರಲಿಲ್ಲ.

ಶೈಲಜಾ ಒಳಗೆ ಹೋಗಿ, ವಾಹನ ಪೂಜೆಯ ದಿನದಿಂದ ದೇವರ ಮುಂದಿದ್ದ ಇನ್ನೊಂದು ಕೀಲಿ ತಂದಳು. ಅದಕ್ಕೆ ಕುಂಕುಮ ಮೆತ್ತಿಕೊಂಡಿತ್ತು. ತಿರುಗಿಸಿದರೆ ಕಾರು ಸಾಧು ಪ್ರಾಣಿಯಂತೆ ಶುರುವಾಯಿತು. ಗಾಬರಿಯಲ್ಲಿ ನಾನು ತಪ್ಪು ಗೇರು ಹಾಕಿದ್ದನ್ನು ನೋಡಿ, “ಈಕಡೆ ಸರೀರಿ, ನಾನ ನಡಸ್ತೀನಿ” ಎಂದಳು. ಕಲಬುರಗಿಯಲ್ಲೇ ಡ್ರೈವಿಂಗ್ ಕಲಿತವಳು. ಹೊಸ ಕಾರನ್ನು ಅವಳ ಕೈಗೆ ಕೊಡಲು ನನಗೇ ಮನಸ್ಸು ಬಂದಿರಲಿಲ್ಲ. ಸಮಯಕ್ಕೆ ತಲುಪಿದಳು, ಕೆಲಸವೂ ಸಿಕ್ಕಿತು.

ನನ್ನ ಗೊಂದಲ ಶುರುವಾದದ್ದು ಆಮೇಲೆ. ನನ್ನ ಕೀಲಿಗೆ ಕಾರು ಒಂದು ದಿನ ಒಲಿಯುತ್ತಿತ್ತು, ಮೂರು ದಿನ ಮುನಿಯುತ್ತಿತ್ತು. ಬ್ಯಾಟರಿ ಬಿಚ್ಚಿ ಹಾಕಿದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದಂತೆ ಕೆಂಪು ದೀಪ ಆರುವತನಕ ಕಾದೆ. ಒಂದು ಶುಕ್ರವಾರ ಯಾರೂ ನೋಡದ ಹೊತ್ತಿನಲ್ಲಿ ನನ್ನ ಕೀಲಿಗೂ ಒಂದಿಷ್ಟು ಕುಂಕುಮ ಹಚ್ಚಿದೆ. ಅಂಗಿಯ ಜೇಬು ಕೆಂಪಾಯಿತು, ಅಷ್ಟೇ. ಸರ್ವಿಸ್ ಸೆಂಟರಿಗೆ ಒಯ್ದರೆ ಅಲ್ಲಿ ಅದೇ ಕೀಲಿಗೆ ಪ್ರತಿಸಲವೂ ಸರಿಯಾಗಿ ಶುರುವಾಗುತ್ತಿತ್ತು. ಅವರು ನನ್ನನ್ನು ಕರುಣೆಯಿಂದ ನೋಡಿ ಕಳಿಸುತ್ತಿದ್ದರು. ಕೊನೆಗೆ ಕಾರು ಶೈಲಜಾಳ ಪಾಲಾಯಿತು, ಕಿಕ್ಕಿರಿದ ಶೇರ್ ಆಟೋ ನನ್ನ ಪಾಲಿಗೆ ಬಂತು.

ಒಂದು ದಿನ ಆಫೀಸಿನಲ್ಲಿ ಹೊಸ ಗುರುತಿನ ಕಾರ್ಡು ಕೊಡುತ್ತೇವೆಂದು ಹಳೆಯದನ್ನು ವಾಪಸ್ ತೆಗೆದುಕೊಂಡರು. ಬಾಗಿಲಿಗೆ ಹಿಡಿದರೆ ತೆರೆದುಕೊಳ್ಳುವ ಕಾರ್ಡು. ಅದನ್ನು ನಾನು ಭಾನುವಾರವೂ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದೆ. ಕೋಠಿಯ ಬಸ್ಸಿನವರೂ ನೋಡಲಿ ಎಂಬ ಆಸೆ. ಸಂದರ್ಶನದ ಹಿಂದಿನ ದಿನ ಸುಲ್ತಾನ್ ಬಜಾರಿನ ಸೀರೆ ಅಂಗಡಿಯವನು ಅದನ್ನು ನೋಡಿಯೇ ಬೆಲೆ ಏರಿಸಿದನೆಂದು ಶೈಲಜಾ ರೇಗಿದ ಮೇಲೆ ಕೊರಳಿಂದ ತೆಗೆದು ಕಾರಿನ ಕೀಲಿಗೇ ಪೋಣಿಸಿದ್ದೆ. ಅವತ್ತು ಸಂಜೆ ಮನೆಗೆ ಬಂದು ಕಾರ್ಡಿಲ್ಲದ ಬರೀ ಕೀಲಿ ತಿರುಗಿಸಿದರೆ ಕಾರು ಒಂದೇ ಮಾತಿಗೆ ಶುರು! ಕಾರ್ಡು ಕೀಲಿಯ ತಲೆಗೆ ತಾಗಿಕೊಂಡಾಗಲೆಲ್ಲ ಅದರೊಳಗಿನ ಚಿಪ್ ಮಧ್ಯೆ ಬಾಯಿ ಹಾಕಿ ಕೀಲಿಯ ಚಿಪ್ಪನ್ನು ಮಾತಾಡಲು ಬಿಡುತ್ತಿರಲಿಲ್ಲ. ಸರ್ವಿಸ್ ಸೆಂಟರಿನವರು ಕೀಲಿಯನ್ನು ಬೋರ್ಡಿಗೆ ತೂಗುಹಾಕುವ ಮುಂಚೆ ಕಾರ್ಡು ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದರು. ರೋಗಿ ಅಲ್ಲಿಗೆ ಹೋಗುವಷ್ಟರಲ್ಲಿ ರೋಗವೇ ಇರುತ್ತಿರಲಿಲ್ಲ.

ಕಾರಣ ಕಂಡುಹಿಡಿದ ಖುಷಿಯಲ್ಲಿ ಒಳಗೆ ಓಡಿ ಎಲ್ಲವನ್ನೂ ವಿವರಿಸಿದೆ. ಶೈಲಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ನನಗ ಸಂದರ್ಶನದ ದಿನ ಸಂಜೀಕೇ ಗೊತ್ತಾಗಿತ್ರಿ. ಕಾರ್ಡ್ ಬಿಚ್ಚಿ ನೋಡಿದ್ದೆ. ಹೇಳಿದ್ರ ಕಾರು ನೀವು ಒಯ್ತಿದ್ರಿ, ನಾ ಬಾಲಾನಗರಕ್ಕ ಬಸ್ ಬದಲಿಸಿ ಬದಲಿಸಿ ಹೋಗಬೇಕಾಗ್ತಿತ್ತು.”

ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಹಾಗಾದರೆ ನಾಳೆಯಿಂದ ಹೇಗೆ ಎಂದು ಕೇಳಿದೆ. ಹೇಗಿತ್ತೋ ಹಾಗೇ ಎಂದಳು. ಆಕೆ ದಿನವೂ ಗಾಡಿ ತೆಗೆಯುವಾಗ ಕೈಬೀಸುತ್ತಾಳೆ, ನಾನು ಗೇಟು ಹಾಕಿ ಶೇರ್ ಆಟೋ ಹುಡುಕುತ್ತೇನೆ. ಕಳ್ಳತನ ತಡೆಯುವ ಆ ಏರ್ಪಾಡಿನಲ್ಲಿ ಯಾವ ದೋಷವೂ ಇಲ್ಲ. ಕಾರು ಕಳುವಾದದ್ದು ಮಾತ್ರ ನನ್ನ ಕಣ್ಣೆದುರಿಗೇ.