ಏಳನೇ ಕ್ರಾಸಿನವರು ಲಾರಿ ಎಳೆದದ್ದು

ಪ್ರತಿಯೊಂದು ಸಂಸಾರದಲ್ಲೂ ಹೊರಗಿನವರು ನಂಬದಂಥ ಒಂದು ಸಾಹಸದ ಕತೆ ಇರುತ್ತದೆ. ಒಬ್ಬರ ಮಾವ ಚಿರತೆಯನ್ನು ಛತ್ರಿ ತೋರಿಸಿ ಓಡಿಸಿರುತ್ತಾರೆ, ಇನ್ನೊಬ್ಬರ ಅತ್ತೆ ಕೂತಲ್ಲಿಂದ ಏಳದೆ ಇನ್ನೂರು ಹೋಳಿಗೆ ತಟ್ಟಿರುತ್ತಾರೆ. ನಮ್ಮ ಮನೆಯ ಕತೆ ಏನೆಂದರೆ, ನಮ್ಮ ಯಜಮಾನರು ನೀರು ತುಂಬಿದ ಲಾರಿಯನ್ನು ಹಗ್ಗ ಕಟ್ಟಿ ಎಳೆದಿದ್ದಾರೆ. ಹೀಗೆಂದ ಕೂಡಲೇ ಕೇಳುವವರು ಒಮ್ಮೆ ಅವರತ್ತ ನೋಡುತ್ತಾರೆ, ಆಮೇಲೆ ನನ್ನತ್ತ ಕನಿಕರದಿಂದ ನೋಡುತ್ತಾರೆ. ಅವರನ್ನು ದೂರುವಂತಿಲ್ಲ. ಯಜಮಾನರ ತೂಕ ನಲವತ್ತೆಂಟು ಕಿಲೋ, ಅದೂ ಕನ್ನಡಕ, ಊಟದ ಡಬ್ಬಿ ಸೇರಿಸಿಕೊಂಡು. ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಗಿಯಾದರೆ ಅವರು ಅದನ್ನು ಸುತ್ತಲಿಂದಲೂ ಪರೀಕ್ಷಿಸಿ, "ಇವತ್ತು ಚಟ್ನಿಪುಡಿ ಸಾಕು ಕಣೇ" ಎನ್ನುವ ಸ್ವಭಾವದವರು. ಆದರೂ ಎಳೆದದ್ದು ನಿಜ. ನಾನು ಕಣ್ಣಾರೆ ನೋಡಿದ್ದೇನೆ. ಅಷ್ಟೇ ಅಲ್ಲ, ಅವರು ಎಳೆಯುತ್ತಿದ್ದಾಗ ನಡುದಾರಿಯಲ್ಲಿ ನಿಲ್ಲುವಂತೆ ಮಾಡಿದವಳೂ ನಾನೇ. ಆ ಭಾಗವನ್ನು ಅವರು ಹೇಳುವುದಿಲ್ಲ, ಒಳ್ಳೆಯ ಮನುಷ್ಯ. ನಾನೇ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ಬನಶಂಕರಿ ಮೂರನೇ ಹಂತದಲ್ಲಿ, ಇಟ್ಟಮಡುವಿನ ಹತ್ತಿರ, ನಾವು ಮನೆ ಕಟ್ಟಿಸಿಕೊಂಡು ಬಂದ ಹೊಸತು. ಮನೆಗಳಿಗಿಂತ ಇಟ್ಟಿಗೆ ರಾಶಿಗಳೇ ಹೆಚ್ಚು. ರಸ್ತೆ ಎಂಬುದು ನಕ್ಷೆಯಲ್ಲಿತ್ತು, ನೆಲದ ಮೇಲೆ ಬರೀ ಮಣ್ಣಿತ್ತು. ನಲ್ಲಿಯೂ ಇತ್ತು, ಆದರೆ ಅದರ ಬಾಯಿಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿಕೊಂಡಿತ್ತು. ಕಡ್ಡಿ ಹಾಕಿ ತೆಗೆಯಲು ಹೋದರೆ ಯಜಮಾನರು, "ಇರಲಿ ಬಿಡೇ, ಅದಾದ್ರೂ ನೆಮ್ಮದಿಯಾಗಿ ಗೃಹಪ್ರವೇಶ ಮಾಡ್ಕೊಂಡಿದೆ" ಎಂದಿದ್ದರು. ದಿನ ಬಿಟ್ಟು ದಿನ ನೀರಿನ ಲಾರಿಯೊಂದು ಬಂದು ಮೇನ್ ರೋಡಿನಲ್ಲಿ ನಿಲ್ಲುತ್ತಿತ್ತು. ನಮ್ಮದು ಏಳನೇ ಕ್ರಾಸಿನ ಕಟ್ಟಕಡೆಯ ಮನೆ. ಮನೆಯಿಂದ ಲಾರಿಗೆ ಬರಿಗೊಡ ಹಿಡಿದರೆ ಇನ್ನೂರ ಹನ್ನೆರಡು ಹೆಜ್ಜೆ. ತುಂಬಿದ ಕೊಡ ಹೊತ್ತು ವಾಪಸು ಬರುವಾಗ ಇನ್ನೂರ ಅರವತ್ತು. ಭಾರ ಹೊತ್ತಾಗ ಹೆಜ್ಜೆ ಚಿಕ್ಕದಾಗುತ್ತದೆ ಎಂಬುದನ್ನು ನಾನು ಶಾಲೆಯಲ್ಲಿ ಕಲಿತವಳಲ್ಲ, ಸೊಂಟದಿಂದ ಕಲಿತವಳು. ಲಾರಿ ಬಂದ ದಿನ ಎಂಟು ಕೊಡ. ಹಾಗಾಗಿ ಲಾರಿ ನಮ್ಮ ಕ್ರಾಸಿನೊಳಗೆ ಬಂದು ನಮ್ಮ ಗೇಟಿನ ಮುಂದೆ ನಿಲ್ಲುವುದನ್ನು ಬಿಟ್ಟು ದೇವರಲ್ಲಿ ನಾನು ಬೇರೇನನ್ನೂ ಕೇಳುತ್ತಿರಲಿಲ್ಲ.

ಲಾರಿಯ ಡ್ರೈವರ್ ಮುನಿರಾಜು ಒಂದು ಸಲ ಒಳಗೆ ಬರಲು ನೋಡಿ, ಮೂರನೇ ಮನೆಯ ಹತ್ತಿರ ಚಕ್ರ ಹೂತುಕೊಂಡು, ಅರ್ಧ ದಿನ ಒದ್ದಾಡಿ ಹೋಗಿದ್ದ. ಆಮೇಲೆ ನಾವು ಎಷ್ಟು ಕೇಳಿಕೊಂಡರೂ ತಲೆ ಅಲ್ಲಾಡಿಸುತ್ತಿದ್ದ. ಪಕ್ಕದ ಎಂಟನೇ ಕ್ರಾಸಿನವರೂ ಅವನನ್ನು ಕಾಡುತ್ತಿದ್ದರು. ಅಲ್ಲಿನ ಮುಂದಾಳು ನಾಗರತ್ನಮ್ಮ. ದೊಡ್ಡ ಕುಂಕುಮ, ದೊಡ್ಡ ಧ್ವನಿ. ಒಂದು ದಿನ ಲಾರಿಯ ಹತ್ತಿರ ಆಕೆಯೂ ನಾನೂ ಒಟ್ಟಿಗೇ ಅವನ ತಲೆ ತಿಂದೆವು.

"ಅಮ್ಮಾವ್ರೇ, ನಿಮ್ ರೋಡ್ನಾಗೆ ಎತ್ತಿನ ಗಾಡೀನೇ ಹೋಗಲ್ಲ, ಲಾರಿ ಬಿಡು ಅಂತೀರಲ್ಲ" ಎಂದ ಮುನಿರಾಜು.

"ನಮ್ ಕ್ರಾಸು ಇವರ ಕ್ರಾಸಿನ ಥರ ಅಲ್ಲ ಕಣಪ್ಪ, ಕಲ್ಲಿದ್ದಂಗಿದೆ" ಎಂದರು ನಾಗರತ್ನಮ್ಮ.

"ಕಲ್ಲೇ ಅದು. ನಡೆಯೋರ ಹೆಬ್ಬೆರಳೆಲ್ಲ ಕಿತ್ತೋಗಿದೆ" ಎಂದೆ ನಾನು.

ಮುನಿರಾಜು ಬೀಡಿ ಎಸೆದ. "ಹಿಂಗೆ ಮಾಡಿ. ಬರೋ ಭಾನುವಾರ ಟೈಮ್ ಕೊಡ್ತೀನಿ. ನನ್ ಇಂಜಿನ್ ಹಾಳು ಮಾಡ್ಕಂಡು ಪರೀಕ್ಷೆ ಮಾಡಕ್ಕಾಗಲ್ಲ. ಎರಡೂ ಕ್ರಾಸಿನ ಗಂಡಸ್ರು ಹಗ್ಗ ಹಾಕಿ ಎಳೀರಿ, ನೀರು ತುಂಬಿದ ಲಾರೀನೇ. ಯಾರು ಬೇಗ ಕೊನೇ ಮನೇಗಂಟ ಎಳೀತಾರೋ ಅವ್ರ ರೋಡ್ ಗಟ್ಟಿ. ಇನ್ಮೇಲೆ ಅಲ್ಲೇ ನಿಲ್ಲಿಸ್ತೀನಿ." ಅವನು ತಮಾಷೆಗೇ ಅಂದಿರಬೇಕು. ಆದರೆ ಹತ್ತು ತಿಂಗಳು ನೀರು ಹೊತ್ತ ಹೆಂಗಸರ ಮುಂದೆ ಅಂಥ ತಮಾಷೆ ಮಾಡಬಾರದು.

ಆ ವಾರ ಏಳನೇ ಕ್ರಾಸು ಮಣ್ಣು ತಿಂದು, ಮಣ್ಣು ಉಸಿರಾಡಿ, ಮಣ್ಣನ್ನೇ ಕನಸು ಕಂಡಿತು. ನಮ್ಮ ಪಕ್ಕದ ಮನೆಯಲ್ಲಿ ರಿಟೈರ್ ಆದ ಡ್ರಿಲ್ ಮೇಷ್ಟ್ರು ವೆಂಕಟೇಶಯ್ಯನವರಿದ್ದರು. ರಿಟೈರ್ ಆಗಿ ನಾಲ್ಕು ವರ್ಷವಾಗಿದ್ದರೂ ಸೀಟಿ ಮಾತ್ರ ಕೊರಳಲ್ಲೇ ಇತ್ತು. ಅವರು ಅದನ್ನು ಊದಿ ನಮ್ಮನ್ನೆಲ್ಲ ಕೆಲಸಕ್ಕೆ ಹಚ್ಚಿದರು. ಗುಂಡಿಗಳಿಗೆ ಇಟ್ಟಿಗೆ ಚೂರು ತುಂಬುವುದು, ಮೇಲೆ ಗಟ್ಟಿ ಮಣ್ಣು ಹರಡುವುದು, ನೀರು ಚಿಮುಕಿಸುವುದು, ಬಡಿಯುವುದು. ಬಡಿಯಲು ದಮ್ಮಸು ಇದ್ದದ್ದು ಒಂದೇ ಆದ್ದರಿಂದ ಹೆಂಗಸರು ಒನಕೆಗಳನ್ನು ತಂದೆವು. ಎರಡು ಸಾಲಿನಲ್ಲಿ ನಿಂತು ರಸ್ತೆಯನ್ನು ಕುಟ್ಟುವುದೆಂದರೆ ಎಂಥ ಖುಷಿ ಅಂತೀರಿ! ಅವಲಕ್ಕಿ ಕುಟ್ಟಿದರೆ ಯಾರಾದರೂ ತಿಂದು ಮುಗಿಸುತ್ತಾರೆ, ರಸ್ತೆ ಹಾಗಲ್ಲ. ಕಷ್ಟವಾದದ್ದು ಚಿಮುಕಿಸುವ ನೀರಿನದು. ನೀರಿಲ್ಲವೆಂದು ರಸ್ತೆ ಮಾಡುತ್ತಿರುವವರು ರಸ್ತೆಗೆ ನೀರೆಲ್ಲಿಂದ ತರುವುದು? ಕೊನೆಗೆ ಮನೆಮನೆಯ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಪಾತ್ರೆ ಗಲಬರಿಸಿದ ನೀರು ಎಲ್ಲವನ್ನೂ ಬಕೆಟ್ಟುಗಳಲ್ಲಿ ಕೂಡಿಹಾಕಿ ರಸ್ತೆಗೆ ಹೊಯ್ದೆವು. ನಾವು ಮರೆತದ್ದು, ಅಂಥ ನೀರಿಗೆ ಕಲಗಚ್ಚು ಎಂಬ ಹೆಸರಿದೆ, ಅದನ್ನು ಹಸುಗಳು ಇಷ್ಟಪಡುತ್ತವೆ ಎಂಬುದನ್ನು. ಮಾರನೆಯ ಬೆಳಗ್ಗೆ ಬಾಗಿಲು ತೆಗೆದರೆ ಇಟ್ಟಮಡುವಿನ ಹನ್ನೊಂದು ಹಸುಗಳು ಸಾಲಾಗಿ ನಿಂತು ನಮ್ಮ ರಸ್ತೆಯನ್ನು ನೆಕ್ಕುತ್ತಿವೆ! ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಹಸುಗಳು ತಲೆಯೆತ್ತಿ ನೋಡಿ, ಅವರು ತಮ್ಮ ಶಾಲೆಯವರಲ್ಲ ಎಂದು ತಿಳಿದುಕೊಂಡು ಮತ್ತೆ ನೆಕ್ಕತೊಡಗಿದವು. ಆದರೆ ನಿಜ ಹೇಳಬೇಕೆಂದರೆ, ಅವು ನೆಕ್ಕಿದ ಕಡೆ ನೆಲ ಬಹಳ ನುಣ್ಣಗಾಗಿತ್ತು.

ನನ್ನದು ಒಂದೇ ತಕರಾರು. ನಮ್ಮ ಗೇಟಿನ ಮುಂದೆ ಒಂದು ದೊಡ್ಡ ತಗ್ಗಿತ್ತು. ಅದಕ್ಕೂ ಇಟ್ಟಿಗೆ ಚೂರು ಸುರಿಯಲು ಬಂದಾಗ ನಾನು ಅಡ್ಡ ನಿಂತೆ. "ಮನೆ ಮುಂದೆ ಇಟ್ಟಿಗೆ ಚೂರು ಬೇಡ ಮೇಷ್ಟ್ರೇ, ಸಾರಿಸಿ ರಂಗೋಲಿ ಹಾಕೋ ಜಾಗ. ಜರಡಿ ಹಿಡಿದ ಕೆಮ್ಮಣ್ಣು ಹಾಕಿ" ಎಂದೆ. ಅವರು ಹಾಕಿಸಿದರು. ನಾನೇ ಒನಕೆಯಿಂದ ಬಡಿದು, ಸಗಣಿ ಸಾರಿಸಿ, ಅಂಗೈಯಿಂದ ಸವರಿದೆ. ನೋಡಲು ಅಷ್ಟೊಂದು ಚಂದದ ರಸ್ತೆ ಬೆಂಗಳೂರಿನಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಭಾನುವಾರ ಬೆಳಗ್ಗೆ ಡ್ರಿಲ್ ಮೇಷ್ಟ್ರು ಬಂದು, "ಸರೋಜಮ್ಮನವರೇ, ನಿಮ್ಮ ಗೇಟಿನ ಮುಂದೆ ರಂಗೋಲಿ ಪುಡೀಲಿ ಅಡ್ಡಕ್ಕೆ ಒಂದು ಗೆರೆ ಎಳೀರಿ. ಲಾರಿಯ ಮುಂದಿನ ಚಕ್ರ ಅದನ್ನ ದಾಟಿದ್ರೆ ಮುಗೀತು" ಎಂದರು. ಎಳೆದೆ. ಎಳೆದ ಮೇಲೆ ನೆನಪಾಯಿತು, ಮನೆಯ ಮುಂದೆ ಒಂಟಿ ಗೆರೆ ಎಳೆಯಬಾರದು. ಜೊತೆಗೆ ಇನ್ನೊಂದು ಎಳೆದೆ. ಎರಡು ಗೆರೆಯ ತುದಿಗಳು ಬೋಳಾಗಿ ಕಂಡವು; ಒಂದೊಂದು ಕಮಲ ಬಿಡಿಸಿದೆ. ಎರಡು ಕಮಲದ ನಡುವೆ ಅಷ್ಟು ಜಾಗ ಖಾಲಿ ಬಿಡುವುದು ಹೇಗೆ? ಹನ್ನೆರಡು ದಳದ್ದೊಂದು ದೊಡ್ಡ ಕಮಲ ಬಂತು. ಗಂಗೆಯೇ ಮನೆಗೆ ಬರುವ ದಿನವಲ್ಲವೇ ಎಂದು ಅದರ ಸುತ್ತ, ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ, ಪುಟ್ಟ ಪುಟ್ಟ ಲಕ್ಷ್ಮಿಯ ಪಾದಗಳನ್ನು ಮೂಡಿಸಿದೆ. ಎದ್ದು ನಿಂತು ನೋಡಿದಾಗ ನನಗೇ ಕಣ್ಣು ತುಂಬಿ ಬಂತು. ಜನ್ಮದಲ್ಲಿ ಅಂಥ ರಂಗೋಲಿ ನಾನು ಹಾಕಿರಲಿಲ್ಲ.

ಮೊದಲು ಎಂಟನೇ ಕ್ರಾಸಿನವರು ಎಳೆದರು. ಇಪ್ಪತ್ತು ಜನ. ಮುನಿರಾಜು ಸ್ಟೀರಿಂಗ್ ಹಿಡಿದು, ಬ್ರೇಕಿನ ಮೇಲೆ ಕಾಲಿಟ್ಟು, ಕೈಗಡಿಯಾರ ನೋಡುತ್ತಾ ಕೂತಿದ್ದ. ಹದಿನೆಂಟು ನಿಮಿಷ ಹಿಡಿಯಿತು. ನಾಗರತ್ನಮ್ಮ ಗಂಡನಿಗೆ ಸೆರಗಿನಿಂದ ಗಾಳಿ ಹಾಕುತ್ತಾ ನನ್ನ ಕಡೆ ನೋಡಿ ನಕ್ಕರು. ಲಾರಿ ಹಿಂದೆ ಸರಿದು ನಮ್ಮ ಕ್ರಾಸಿನ ಬಾಯಿಗೆ ಬಂದು ನಿಂತಿತು. ಡ್ರಿಲ್ ಮೇಷ್ಟ್ರು ದಪ್ಪ ಆಳುಗಳನ್ನೆಲ್ಲ ಹಿಂದೆ ನಿಲ್ಲಿಸಿ, ನಮ್ಮ ಯಜಮಾನರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಯಜಮಾನರು ಹಿಗ್ಗಿದರು. ನಾನು ಮೇಷ್ಟ್ರನ್ನು ಮೆಲ್ಲಗೆ ಕೇಳಿದೆ. "ಹಗ್ಗದ ತುದಿ ನೆಲಕ್ಕೆ ಬೀಳದ ಹಾಗೆ ಯಾರಾದ್ರೂ ಹಿಡ್ಕೋಬೇಕಲ್ಲಮ್ಮ" ಎಂದರು.

ಮೇಷ್ಟ್ರು ಸೀಟಿ ಊದಿದರು. "ಐಸಾ!" "ಹೈಲೇಸಾ!" ಒನಕೆ ಕುಟ್ಟಿದ ರಸ್ತೆ ಎಂದರೆ ಸುಮ್ಮನೆ ಅಲ್ಲ. ಲಾರಿ ಮೊದಲು ನರಳಿತು, ಆಮೇಲೆ ಅಲುಗಿತು, ಆಮೇಲೆ ಮದುವೆಗೆ ಹೊರಟ ಹಾಗೆ ಬರತೊಡಗಿತು. ಹತ್ತನೆಯ ಮನೆ ದಾಟಿದಾಗ ಇನ್ನೂ ಹನ್ನೆರಡೇ ನಿಮಿಷ. ನಾನು ಗೇಟಿನ ಮೇಲೆ ಹತ್ತಿ ಕುಣಿಯುತ್ತಿದ್ದೆ, ವಯಸ್ಸು ನಲವತ್ನಾಲ್ಕು. ಹದಿಮೂರನೆಯ ಮನೆ. ಹದಿನಾಲ್ಕು. ಯಜಮಾನರ ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಆದರೂ ಮುಂದಿನದು ಅವರಿಗೆ ಕಂಡುಬಿಟ್ಟಿತು. ಗಕ್ಕನೆ ನಿಂತರು. ಹಿಂದಿನ ಹತ್ತೊಂಬತ್ತು ಜನ ಒಬ್ಬರ ಬೆನ್ನಿಗೊಬ್ಬರು ಡಿಕ್ಕಿ ಹೊಡೆದರು. ಮುನಿರಾಜು ಬ್ರೇಕ್ ಒತ್ತಿದ.

"ಯಾಕ್ರೀ ನಿಂತ್ರಿ?" ಮೇಷ್ಟ್ರು ಕಿರುಚಿದರು.

"ಪಾದ ಇದೆ ಸಾರ್!" ಎಂದರು ಯಜಮಾನರು.

"ಯಾರ ಪಾದ?"

"ಲಕ್ಷ್ಮೀದು ಸಾರ್! ತುಳಿಯೋದು ಹೇಗೆ?"

ಇಪ್ಪತ್ತು ಜನವೂ ಬಗ್ಗಿ ನೋಡಿದರು. ಇಪ್ಪತ್ತು ಜನವೂ ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬರಂತೂ ಹಗ್ಗ ಬಿಟ್ಟು ಕೈ ಮುಗಿದರು. ಪಕ್ಕದಿಂದ ಹೋಗೋಣವೆಂದರೆ ಒಂದು ಕಡೆ ಚರಂಡಿ, ಇನ್ನೊಂದು ಕಡೆ ನಮ್ಮ ಕಾಂಪೌಂಡು. ನಡುವೆ ಅಂಗುಲ ಬಿಡದೆ ನಾನು ಪಾದ ಇಟ್ಟಿದ್ದೇನೆ. "ತುಳೀರ್ರೀ, ಪರವಾಗಿಲ್ಲ!" ಎಂದು ಮೇಷ್ಟ್ರು ಕೂಗಿದರು. "ನೀವೇ ಮೊದಲು ತುಳೀರಿ" ಎಂದಿತು ಹಗ್ಗ. ಮೇಷ್ಟ್ರು ಚಪ್ಪಲಿ ಬಿಟ್ಟು ಕಾಲೆತ್ತಿದವರು ಹಾಗೇ ಕೊಕ್ಕರೆಯಂತೆ ನಿಂತರು.

"ಹದಿನೈದು ನಿಮಿಷ!" ಎಂದ ಮುನಿರಾಜು.

"ಭೇಷ್ ಸರೋಜಮ್ಮ!" ಎಂದು ನಾಗರತ್ನಮ್ಮ ಚಪ್ಪಾಳೆ ತಟ್ಟಿದರು. "ನಮ್ ಕಡೆಯವರೂ ನಮಗೆ ಇಷ್ಟು ಸಹಾಯ ಮಾಡಿರ್ಲಿಲ್ಲ!"

ಪೊರಕೆ ತರೋಣವೆಂದುಕೊಂಡೆ, ಲಕ್ಷ್ಮಿಯನ್ನು ಪೊರಕೆಯಲ್ಲಿ ಗುಡಿಸುವುದುಂಟೇ? ನೀರು ಹಾಕಿದರೆ ಅಭಿಷೇಕವೆಂದಾದರೂ ಆಗುತ್ತದೆ. ಒಳಗೆ ಓಡಿದೆ. ಅಡಿಗೆಗೆಂದು ಉಳಿಸಿದ್ದ ಒಂದೇ ಒಂದು ಕೊಡವನ್ನು ಸೊಂಟಕ್ಕೇರಿಸಿಕೊಂಡು ಬಂದು, "ತಾಯೀ, ತಪ್ಪಾಯ್ತು, ಒಳಗೆ ಬಾ" ಎಂದು ಕಣ್ಣು ಮುಚ್ಚಿ ಸುರಿದುಬಿಟ್ಟೆ. ಹನ್ನೆರಡು ದಳವೂ ತೇಲಿಹೋದವು.

"ಎಳೀರಿ!"

ಜರಡಿ ಹಿಡಿದ ಕೆಮ್ಮಣ್ಣಿಗೆ ನೀರು ಬಿದ್ದರೆ ಏನಾಗುತ್ತದೆ ಎಂಬುದು ಕುಂಬಾರರಿಗೆ ಗೊತ್ತಿರುತ್ತದೆ. ಯಜಮಾನರು ಮೊದಲ ಹೆಜ್ಜೆಗೇ ಜಾರಿ ಕೂತರು. ಕೂತವರು ಹಗ್ಗ ಬಿಡಲಿಲ್ಲ, ಅದು ಅವರ ದೊಡ್ಡತನ. ಅವರ ಹಿಂದೆ ಒಬ್ಬೊಬ್ಬರೇ ಜಾರುಬಂಡೆಯ ಮೇಲೆ ಕೂತಂತೆ ಕೂತು, ಕೂತಲ್ಲಿಂದಲೇ "ಹೈಲೇಸಾ" ಎಂದರು. ಹಿಂದಿನ ದಪ್ಪ ಆಳುಗಳು ಒಣನೆಲದಲ್ಲಿ ಕಾಲೂರಿ ಕೊನೆಯ ಜಗ್ಗು ಜಗ್ಗಿದರು. ಬಿದ್ದವರು ಆ ಕಡೆ ಈ ಕಡೆ ಉರುಳಿಕೊಂಡರು. ಮುಂದಿನ ಚಕ್ರ ಗೆರೆಯಿದ್ದ ಜಾಗವನ್ನು ಒಂದು ಗೇಣು ದಾಟಿತು. ದಾಟಿ, ಉಸ್ಸೆಂದು ನಿಟ್ಟುಸಿರುಬಿಟ್ಟು, ಅರ್ಧದವರೆಗೆ ನೆಲದೊಳಗೆ ಇಳಿದುಹೋಯಿತು.

ಮುನಿರಾಜು ಇಳಿದು ಬಂದು ನೋಡಿದ. "ಹದಿನೇಳು ನಿಮಿಷ. ಗೆದ್ರಿ ಅಮ್ಮಾವ್ರೇ" ಎಂದ. "ಲಾರಿ ನಿಮ್ದೇ. ಇನ್ನಿದು ಎಲ್ಗೂ ಹೋಗಲ್ಲ."

ಭಾರ ಇಳಿಸದೆ ಲಾರಿ ಮೇಲೇಳುವಂತಿರಲಿಲ್ಲ. "ಎರಡೂ ಕ್ರಾಸಿನೋರು ಮನೇಲಿರೋ ಪಾತ್ರೆ ಎಲ್ಲ ತನ್ನಿ, ಬೇಗ ಖಾಲಿ ಮಾಡಿ" ಎಂದು ಮುನಿರಾಜು ಕೊಳವೆ ಬಿಚ್ಚಿದ. ಆಗ ನೋಡಬೇಕಿತ್ತು ನನ್ನ ದೊಡ್ಡಸ್ತಿಕೆಯನ್ನು. ಲಾರಿ ನಿಂತಿರುವುದು ನನ್ನ ಗೇಟಿನ ಮುಂದೆ, ಗೆದ್ದಿರುವುದು ನಾವು, ಬಂದವರೆಲ್ಲ ಅತಿಥಿಗಳು. ಸೆರಗು ಸಿಕ್ಕಿಸಿಕೊಂಡು ನಾನೇ ಸಾಲು ಸರಿ ಮಾಡಿದೆ. ಹಂಡೆ, ಕೊಳಗ, ಪ್ರೆಶರ್ ಕುಕ್ಕರ್, ಮಗುವಿನ ಸ್ನಾನದ ತೊಟ್ಟಿ, ಕೊನೆಗೆ ಒಬ್ಬರು ಇಡ್ಲಿ ಪಾತ್ರೆಯನ್ನೂ ತಂದರು. "ನಿಧಾನಕ್ಕೆ ಹಿಡೀರಿ, ನಾಗರತ್ನಮ್ಮ. ಇನ್ನೂ ಎರಡು ಕೊಡ ತನ್ನಿ, ಸಂಕೋಚ ಬೇಡ. ನಮಗೇನು, ಇಲ್ಲೇ ಇದೆಯಲ್ಲ" ಎಂದು ಎಲ್ಲರಿಗೂ ಉಪಚಾರ ಹೇಳಿದೆ. ಎಲ್ಲರೂ ಹೋದ ಮೇಲೆ ನನ್ನ ಎಂಟು ಕೊಡಗಳನ್ನು ತಂದು ಸಾಲಾಗಿ ಇಟ್ಟು ಕೊಳವೆ ಹಿಡಿದೆ. ಅದು ಎರಡು ಸಲ ಕೆಮ್ಮಿತು. ಅಷ್ಟೇ.

ಹಗುರವಾದ ಲಾರಿಯನ್ನು ಎರಡೂ ಕ್ರಾಸಿನವರು ಸೇರಿ ಗುಂಡಿಯಿಂದ ಎತ್ತಿದರು. ಹೊರಡುವಾಗ ಮುನಿರಾಜು ಕಿಟಕಿಯಿಂದ ತಲೆ ಹಾಕಿ, "ಮಾತು ಅಂದ್ರೆ ಮಾತು, ಇನ್ಮೇಲೆ ಏಳನೇ ಕ್ರಾಸೇ. ಆದ್ರೆ ಈ ಗುಂಡಿ ಹತ್ರ ಬರಲ್ಲ ಕಣಮ್ಮ, ಆ ತುದಿ ಮೊದಲನೇ ಮನೆ ಮುಂದೆ ನಿಲ್ಲಿಸ್ತೀನಿ" ಎಂದ. ಮೊದಲನೇ ಮನೆ ಎಂದರೆ ನಾಗರತ್ನಮ್ಮನ ಹಿತ್ತಿಲ ಬಾಗಿಲ ಎದುರು. ಅವರಿಗೆ ಹದಿನೈದು ಹೆಜ್ಜೆ. ನನಗೆ ಹೋಗುವಾಗ ನೂರ ತೊಂಬತ್ತು, ಬರುವಾಗಿನದನ್ನು ನೀವೇ ಲೆಕ್ಕ ಹಾಕಿ.

ಯಜಮಾನರು ತಲೆಯಿಂದ ಪಾದದವರೆಗೆ ಕೆಮ್ಮಣ್ಣು ಮೆತ್ತಿಕೊಂಡು, ಬಣ್ಣ ಹಚ್ಚುವುದು ಬಾಕಿಯಿರುವ ಗೌರಿಹಬ್ಬದ ಗಣಪತಿಯಂತೆ ಜಗಲಿಯ ಮೇಲೆ ಕೂತಿದ್ದರು. ಬಿಸಿಲು ಏರುತ್ತಿತ್ತು. ಆಗ ಗೇಟು ಕಿರುಗುಟ್ಟಿತು. ನಾಗರತ್ನಮ್ಮ ತುಂಬಿದ ಕೊಡ ಹೊತ್ತು ನಿಂತಿದ್ದರು. "ತಗೊಳ್ಳಿ ಸರೋಜಮ್ಮ, ಬೇಗ ಸುರೀರಿ. ನಿಮ್ಮನೆಯವರು ಒಣಗ್ತಾ ಇದ್ದಾರೆ" ಎಂದರು.

ಬಚ್ಚಲ ಕಲ್ಲಿನ ಮೇಲೆ ಕೂತು ಯಜಮಾನರು, ಗಲ್ಲದ ಮಣ್ಣು ಬಿರುಕುಬಿಡುವಂತೆ ನಕ್ಕು, "ಗೆದ್ವಿ ಅಲ್ವೇನೇ?" ಎಂದರು.

"ಗೆದ್ದೇ ಗೆದ್ವಿ" ಎಂದು ಎಂಟನೇ ಕ್ರಾಸಿನ ನೀರನ್ನು ಅವರ ನೆತ್ತಿಯ ಮೇಲೆ ಕೊಡವೆತ್ತಿ ಸುರಿದೆ. ಕಾಫಿಗೆಂದು ಒಂದು ಚೊಂಬು ತೆಗೆದಿಟ್ಟುಕೊಳ್ಳಬೇಕಿತ್ತು ಎಂಬುದು ನನಗೆ ಹೊಳೆದದ್ದು ಕೊಡ ಬರಿದಾದ ಮೇಲೆ.